ಕೇಕ್ ಮಾಮ ಇಂಜಿನ್ ಮುಚ್ಚಿದ್ದು

ಕೇಕ್ ಮಾಮನಿಗೆ ಆ ಹೆಸರು ಇಟ್ಟವರು ಬೀದಿಯ ಮಕ್ಕಳು. ಆ ಮಕ್ಕಳಿಗೇ ಈಗ ಮಕ್ಕಳಾಗಿವೆ, ಹೆಸರು ಮಾತ್ರ ಹಾಗೆಯೇ ಉಳಿದಿದೆ. ಇಪ್ಪತ್ತಾರು ವರ್ಷದಿಂದ ಅವನು ಒಂದೇ ಬೇಕರಿಯ ಹಿಂದಿನ ಕೋಣೆಯಲ್ಲಿ, ಒಂದೇ ಕಲ್ಲಿನ ಮೇಜಿನ ಮುಂದೆ ನಿಂತು ಕೇಕಿಗೆ ಕ್ರೀಮ್ ಬಳಿಯುತ್ತಾನೆ, ಅಂಚು ಕಟ್ಟುತ್ತಾನೆ, ಹೆಸರು ಬರೆಯುತ್ತಾನೆ. ಕೂರಲು ಅಲ್ಲಿ ಸ್ಟೂಲಿಲ್ಲ, ಕೂತರೆ ಗೆರೆ ಸೊಟ್ಟಗಾಗುತ್ತದೆ. ಬಟರ್ ಪೇಪರನ್ನು ಕೋನಿನಂತೆ ಸುತ್ತಿ, ತುದಿ ಕತ್ತರಿಸಿ, ಉಸಿರು ಹಿಡಿದು ಒಂದು ಸುತ್ತು ಎಳೆದನೆಂದರೆ, ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹುಡುಕಿದರೂ ಸಿಗುವುದಿಲ್ಲ. ಗುರುತು ಪರಿಚಯವಿಲ್ಲದ ಎಷ್ಟೋ ಸಾವಿರ ಜನರಿಗೆ ಅವನು ನೂರು ವರ್ಷ ಬಾಳಲು ಹಾರೈಸಿದ್ದಾನೆ. ಸಂಜೆ ಐದಕ್ಕೆ ಏಪ್ರನ್ ಬಿಚ್ಚುವ ಹೊತ್ತಿಗೆ ಅವನ ಪಾದಗಳು ಚಪ್ಪಲಿಯಲ್ಲಿ ಹಿಡಿಸುವುದಿಲ್ಲ. ಬೆನ್ನು ನೆಲ ಮುಟ್ಟಿದರೆ ಸಾಕು ಅನ್ನಿಸಿರುತ್ತದೆ.

ಇಂಥವನು ಇಂಜಿನ್ ಬಿಚ್ಚಲು ಕೂತದ್ದು ಶೋಕಿಗಲ್ಲ, ಹೆಂಡತಿಗಾಗಿ.

ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಬೆಳಗಿನ ಆರು ಗಂಟೆಯ ಪಾಳಿ. ಆ ಹೊತ್ತಿಗೆ ಅತ್ತ ಹೋಗುವ ಬಸ್ಸು ಇನ್ನೂ ಡಿಪೋ ಬಿಟ್ಟಿರುವುದಿಲ್ಲ, ಆಟೋಗಳೂ ಸಿಗುವುದಿಲ್ಲ. ಅವಳನ್ನು ಬೈಕಿನಲ್ಲಿ ಬಿಟ್ಟು, ಅಲ್ಲಿಂದ ಬೇಕರಿಗೆ ಹೋಗುವುದು ಅವನ ದಿನದ ಶುರು. ಮೂರು ವಾರದ ಹಿಂದೆ ಗಾಡಿ ಕೈಕೊಟ್ಟಿತು. ಮೂರನೇ ಗೇರು ನಿಲ್ಲುತ್ತಿರಲಿಲ್ಲ, ಇಂಜಿನ್ನಿನ ಹೊಟ್ಟೆಯಲ್ಲಿ ಬೇರಿಂಗು ಕಿರುಗುಟ್ಟುತ್ತಿತ್ತು, ಅದರ ಎರಡು ಹೋಳು ಸೇರುವ ನಡುವಿನ ಕೂಡಿಗೆಯಿಂದ ಎಣ್ಣೆ ಜಿನುಗುತ್ತಿತ್ತು. ಗ್ಯಾರೇಜಿನವನು ತನ್ನ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳನ್ನು ತೋರಿಸಿ, "ಒಂದೂವರೆ ತಿಂಗಳು ಹಿಡಿಯುತ್ತೆ, ಆಮೇಲೆ ಬೈಬೇಡಿ" ಅಂದ. ಅಂದಿನಿಂದ ಅವಳು ನಾಲ್ಕು ಕಿಲೋಮೀಟರ್ ನಡೆದೇ ಹೋಗುತ್ತಿದ್ದಳು. ಅವಳ ಎಡಮಂಡಿ ಮೊದಲೇ ಸರಿಯಿರಲಿಲ್ಲ. ಎರಡು ವಾರದಲ್ಲಿ ಅದು ಉಬ್ಬಿ, ಮೆಟ್ಟಿಲು ಇಳಿಯುವಾಗ ಅವಳು ಗೋಡೆ ಹಿಡಿಯುವಂತಾಯಿತು. ನಾಲ್ಕು ಸಲ ತಡವಾಗಿ ತಲುಪಿದ್ದಳು. ಲಾಂಡ್ರಿಯ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: ಸೋಮವಾರದಿಂದ ಇನ್ನೊಂದು ದಿನ ತಡವಾದರೂ ಎರಡನೇ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು, ಆರು ತಿಂಗಳು.

ಎರಡನೇ ಪಾಳಿ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಆರು ವರ್ಷ ಅವಳು ಆ ಪಾಳಿಯಲ್ಲೇ ಇದ್ದಳು. ಅವನು ಐದಕ್ಕೆ ಎದ್ದು ಹೋಗುವಾಗ ಅವಳು ನಿದ್ದೆಯಲ್ಲಿ, ಅವಳು ಬಾಗಿಲು ತೆಗೆದು ಬರುವಾಗ ಅವನು ನಿದ್ದೆಯಲ್ಲಿ. ರಜೆಯೂ ಬೇರೆ ಬೇರೆ ದಿನ. ಒಂದೇ ಮನೆಯಲ್ಲಿದ್ದು ಹಾಲಿನ ಪಾತ್ರೆಯ ಕೆಳಗೆ ಚೀಟಿ ಇಟ್ಟು ಸಂಸಾರ ಮಾಡಿದ್ದರು. 'ನಲ್ಲಿ ಸೋರುತ್ತಿದೆ', 'ಅಕ್ಕ ಬಂದಿದ್ದರು', 'ಜ್ವರ ಇದೆ, ಎಬ್ಬಿಸಬೇಡಿ'. ಅವಳ ಮುಂಗೂದಲು ನೆರೆತದ್ದನ್ನು ಅವನು ಒಂದು ದಿನ ಒಟ್ಟಿಗೇ ನೋಡಿ ಬೆಚ್ಚಿದ್ದ. ಅದು ಮತ್ತೆ ಬರಬಾರದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಕೆಲಸ ಹೇಳಿಕೊಡಲು ಭಾವ ಬಂದರು. ಭಾವ ಎಂದರೆ ಅವಳ ಅಣ್ಣ. ಬಸ್ಸಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಈಗ ಅವರ ಎರಡೂ ಕೈ ನಡುಗುತ್ತವೆ, ಲೋಟ ತುಂಬಾ ಚಹಾ ಕೊಟ್ಟರೆ ಅರ್ಧ ತಟ್ಟೆಗೆ ಬೀಳುತ್ತದೆ. ಕಣ್ಣಿಗೆ ಸೋಡಾ ಬಾಟಲಿಯ ತಳದಷ್ಟು ದಪ್ಪನೆಯ ಕನ್ನಡಕ.

"ನನ್ನ ತಲೆ, ನಿನ್ನ ಕೈ" ಅಂದರು ಮೊದಲ ಭಾನುವಾರ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಾ. "ಎರಡೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತಾನೆ. ನಿಧಾನ ಕಣಪ್ಪಾ ಬೆಣ್ಣೆ, ಇಂಜಿನ್ ಓಡಿ ಹೋಗಲ್ಲ. ಓಡೋ ಹಾಗಿದ್ರೆ ನಾನ್ಯಾಕೆ ಬರ್ತಿದ್ದೆ?"

ಭಾವನ ಬಾಯಲ್ಲಿ ಅವನು ಯಾವಾಗಲೂ ಬೆಣ್ಣೆಯೇ.

ಮುಂದಿನ ಕೋಣೆಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಇಂಜಿನ್ ಇಳಿಸಿದರು. ಕೇಕಿನ ರಟ್ಟಿನ ಡಬ್ಬಿಯನ್ನು ಬಿಡಿಸಿ, ಅದರ ಮೇಲೆ ಇಂಜಿನ್ನಿನ ಆಕಾರ ಬರೆದು, ತೆಗೆದ ಒಂದೊಂದು ಬೋಲ್ಟನ್ನೂ ಅದರದರ ಜಾಗದಲ್ಲಿ ತೂತು ಮಾಡಿ ಚುಚ್ಚಿಟ್ಟ. ಪಕ್ಕದಲ್ಲಿ ತನ್ನ ಚೆಂದದ ಅಕ್ಷರದಲ್ಲಿ 'ಬಲಗಡೆ, ಉದ್ದನೆಯದು', 'ಇದಕ್ಕೆ ವಾಷರ್ ಇದೆ' ಎಂದು ಬರೆದ. ಭಾವ ಕನ್ನಡಕ ಏರಿಸಿ ನೋಡಿ, "ಕೆಳಗೆ ಹ್ಯಾಪಿ ಬರ್ತ್‌ಡೇ ಅಂತಲೂ ಬರೆದುಬಿಡು" ಅಂದರು.

ಮಹಡಿಯ ಮೇಲಿನ ಓನರಮ್ಮ ಕಿಟಕಿಯಿಂದ ಕೂಗಿದರು. "ಏನ್ರೀ ಅದು, ಪೆಟ್ರೋಲ್ ವಾಸನೆ ನಮ್ಮ ಊಟದ ತಟ್ಟೆವರೆಗೂ ಬಂದಿದೆ. ಇಷ್ಟು ವರ್ಷದಲ್ಲಿ ಕೇಕ್ ವಾಸನೆ ಒಂದು ದಿನಾನೂ ಬರಲಿಲ್ಲ, ಇದು ಮಾತ್ರ ಬರುತ್ತೆ."

ವಾರವಿಡೀ ಬೇಕರಿಯಿಂದ ಬಂದು ಒಂದೊಂದೇ ಕೆಲಸ ಮುಗಿಸಿದ. ಸವೆದ ಮೂರನೇ ಗೇರಿಗೆ ಹೊಸದು ತಂದ, ಭಾವನ ಗೆಳೆಯನ ಲೇತ್ ಅಂಗಡಿಯಲ್ಲಿ ಹೊಸ ಬೇರಿಂಗು ಕೂರಿಸಿಕೊಂಡು ಬಂದ. ಇಂಜಿನ್ನಿನ ಹೊಟ್ಟೆ ಎರಡು ಹೋಳಾಗಿ, ಒಡೆದ ತೆಂಗಿನಕಾಯಿಯಂತೆ ಬೆಡ್‌ಶೀಟಿನ ಮೇಲೆ ಬಿದ್ದಿತ್ತು. ಹೋಳುಗಳು ಕೂಡುವ ಅಂಚಿನಲ್ಲಿ ಗಟ್ಟಿಯಾಗಿ ಅಂಟಿದ್ದ ಹಳೆಯ ಪೇಸ್ಟನ್ನು, ಲೋಹಕ್ಕೆ ಗೀರು ಬೀಳದಂತೆ, ಮರದ ಸ್ಕೇಲಿನಿಂದ ಮೂರು ಸಂಜೆ ಕೆರೆದ. ಬೆರಳ ತುದಿಗಳು ಸುಲಿದು, ಮಾರನೇ ದಿನ ಬೇಕರಿಯಲ್ಲಿ ಸಕ್ಕರೆ ತಾಗಿದರೆ ಉರಿಯುತ್ತಿದ್ದವು.

ಶನಿವಾರ ಸಂಜೆ ಭಾವ ಮತ್ತೆ ಬಂದು ಕ್ರ್ಯಾಂಕು, ಗೇರಿನ ಶಾಫ್ಟುಗಳನ್ನು ಅವನ ಕೈಯಿಂದಲೇ ಒಂದು ಹೋಳಿನಲ್ಲಿ ಕೂರಿಸಿದರು. ಉಳಿದಿದ್ದು ಅಂಚಿಗೆ ಪೇಸ್ಟು ಹಚ್ಚಿ ಇನ್ನೊಂದು ಹೋಳು ಮುಚ್ಚುವುದು. ಈ ಗಾಡಿಯಲ್ಲಿ ಆ ಜಾಗಕ್ಕೆ ಕಾಗದದ ಗ್ಯಾಸ್ಕೆಟ್ ಇಲ್ಲ. ಎಣ್ಣೆಯನ್ನು ತಡೆಯುವುದು ಟ್ಯೂಬಿನಲ್ಲಿ ಬರುವ ಬೂದುಬಣ್ಣದ ಪೇಸ್ಟು ಮಾತ್ರ. ಅಷ್ಟು ಹೊತ್ತಿಗೆ ಭಾವನ ಕೈ ಮೊಣಕೈವರೆಗೂ ನಡುಗುತ್ತಿತ್ತು.

"ನಾನು ಹೊರಡ್ತೀನಪ್ಪ, ಮಾತ್ರೆ ಮನೆಯಲ್ಲೇ ಬಿಟ್ಟು ಬಂದಿದ್ದೀನಿ. ತೆಳ್ಳಗೆ ಹಚ್ಚು, ಎಲ್ಲೂ ಬಿಡಬೇಡ, ಬೋಲ್ಟನ್ನ ಎದುರುಬದುರಾಗಿ ಬಿಗಿ ಮಾಡು. ಗೆರೆ ಎಳೆಯೋದನ್ನ ನಿನಗೆ ಹೇಳಿಕೊಡಬೇಕಾ?"

ಹೇಳಿಕೊಡಬೇಕಾಗಿತ್ತು. ಆದರೆ ಅದು ಇಬ್ಬರಿಗೂ ಹೊಳೆಯಲಿಲ್ಲ.

ಟ್ಯೂಬಿನ ಮೂತಿಯಿಂದ ಪೇಸ್ಟು ಒಂದೇ ಸಮ ಬರುತ್ತಿರಲಿಲ್ಲ. ಒಮ್ಮೆ ಉಂಡೆ, ಒಮ್ಮೆ ಎಳೆ. ಅವನಿಗೆ ಅದು ಸೇರಲಿಲ್ಲ. ಒಳಗೆ ಹೋಗಿ ಬಟರ್ ಪೇಪರ್ ತಂದು, ಕೋನು ಸುತ್ತಿ, ಪೇಸ್ಟನ್ನು ಅದಕ್ಕೆ ತುಂಬಿಸಿ, ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿದ. ಮಂಡಿಯೂರಿ, ಉಸಿರು ಹಿಡಿದು, ಅಂಚಿನ ತಿರುವುಗಳ ಮೇಲೆ, ಬೋಲ್ಟಿನ ತೂತುಗಳ ಸುತ್ತ ಗೆರೆ ಎಳೆಯುತ್ತಾ ಹೋದ. ಹೆಂಡತಿ ಮಂಡಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ಬಾಗಿಲಿಗೊರಗಿ ನೋಡುತ್ತಿದ್ದಳು.

"ಇಷ್ಟು ಚೆಂದ ಮಾಡಿ ಒಳಗೆ ಮುಚ್ಚಿಬಿಡ್ತೀರಲ್ಲ" ಅಂದಳು.

"ಮುಚ್ಚಲೇಬೇಕಲ್ಲ ಮಾರಾಯ್ತಿ."

ಹೋಳು ಮುಚ್ಚಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಬೋಲ್ಟುಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿದ. ಕೂಡಿಗೆಯ ಉದ್ದಕ್ಕೂ ಬೂದುಬಣ್ಣದ ಪೇಸ್ಟು ಮಟ್ಟಸವಾಗಿ ಹೊರಗೆ ಉಬ್ಬಿ ಬಂತು. ಎರಡು ಪದರದ ಕೇಕನ್ನು ಒತ್ತಿದಾಗ ಕ್ರೀಮ್ ಬರುವುದೂ ಹೀಗೆಯೇ, ಸುತ್ತಲೂ ಸಮನಾಗಿ ಬಂದರೆ ಕೆಲಸ ಸರಿಯಾಗಿದೆ ಎಂದರ್ಥ. ಬಟ್ಟೆಯಿಂದ ಒರೆಸಿದ. ಸಿಲಿಂಡರ್ ಕೂರುವ ದೊಡ್ಡ ತೂತಿನ ಒಳಗಡೆಯೂ ಸ್ವಲ್ಪ ಉಬ್ಬಿತ್ತು. ಬೆರಳು ಹಾಕಿ ಅದನ್ನೂ ಒರೆಸಿದ. ಹೊರಗೆ ತೆಳ್ಳನೆಯ ಒಂದು ಗೆರೆ ಮಾತ್ರ ಉಳಿಯಿತು. ಕೈ ತೊಳೆದುಕೊಂಡು ಅಲ್ಲೇ, ಇಂಜಿನ್ನಿನ ಪಕ್ಕದಲ್ಲೇ ಅಡ್ಡಾದ.

ಭಾನುವಾರ ಒಂಬತ್ತಕ್ಕೆ ಭಾವ ಬಂದವರೇ ಕೂಡಿಗೆಯ ಮೇಲೆ ಉಗುರು ಆಡಿಸಿ, "ಫ್ಯಾಕ್ಟರಿಯಲ್ಲೂ ಹಿಂಗೆ ಬರಲ್ಲ ಕಣೋ" ಅಂದರು. ಅವರ ಬಾಯಿಂದ ಹೊಗಳಿಕೆ ಬೀಳುವುದು ಅಪರೂಪ. ಆಮೇಲೆ ಕುರ್ಚಿಯಿಂದಲೇ ಕೆಲಸ ನಡೆಸಿದರು. ಪಿಸ್ಟನ್ನಿನ ರಿಂಗುಗಳ ಬಾಯಿ ಒಂದೊಂದು ಒಂದೊಂದು ದಿಕ್ಕಿಗೆ, ಟೈಮಿಂಗ್ ಚೈನಿನ ಗುರುತು ಗುರುತಿಗೆ ಸರಿಯಾಗಿ, ಕ್ಲಚ್ಚು, ಕವರು, ಎಣ್ಣೆ. ಎರಡೂವರೆಗೆ ಇಂಜಿನ್ ಗಾಡಿಯ ಮೇಲೆ ಕೂತಿತು. ಮೂರು ಗಂಟೆಗೆ, ಒಂಬತ್ತನೇ ಕಿಕ್ಕಿಗೆ ಕೆಮ್ಮಿ, ಹನ್ನೊಂದನೆಯದಕ್ಕೆ ಹತ್ತಿಕೊಂಡಿತು.

ಕಿರುಗುಟ್ಟುವ ಸದ್ದಿಲ್ಲ. ಕೆಳಗೆ ಹಾಸಿದ ಬಿಳಿ ಕಾಗದದ ಮೇಲೆ ಒಂದು ತೊಟ್ಟು ಎಣ್ಣೆಯಿಲ್ಲ. ನಾಲ್ಕು ನಿಮಿಷ ಓಡಿಸಿದರು. ಹೆಂಡತಿ ಹೊಸಿಲ ಮೇಲೆ ಕೂತು ಮಂಡಿಯ ಬಟ್ಟೆ ಬಿಚ್ಚಿದಳು. ಅದನ್ನು ನೋಡಿ ಅವನಿಗೆ ಮೂರು ವಾರದ ಆಯಾಸವೆಲ್ಲ ಒಮ್ಮೆಲೇ ಕಾಲಿಗಿಳಿದಂತಾಗಿ, ಗಾಡಿ ಆಫ್ ಮಾಡಿ, ಗೋಡೆಗೊರಗಿ ಕೂತುಬಿಟ್ಟ.

ಭಾವ ಸಾಮಾನು ಎತ್ತಿಡಲು ನೆರವಾಗುತ್ತಾ ಪೇಸ್ಟಿನ ಟ್ಯೂಬನ್ನು ಕೈಗೆತ್ತಿಕೊಂಡರು. ಅದು ಹಲ್ಲುಜ್ಜುವ ಪೇಸ್ಟಿನ ಮುಗಿದ ಟ್ಯೂಬಿನಂತೆ ಬುಡದಿಂದ ತುದಿವರೆಗೆ ಸುರುಳಿ ಸುತ್ತಿತ್ತು.

"ಉಳಿದಿದ್ದು ಎಲ್ಲಿ?"

"ಉಳೀಲಿಲ್ಲ ಭಾವ. ಸರಿಯಾಗಿ ಸಾಕಾಯ್ತು."

ಭಾವ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಂಥ ಒಂದು ಟ್ಯೂಬಲ್ಲಿ ನಾನು ಐದು ಇಂಜಿನ್ ಮುಚ್ತಿದ್ದೆ. ಹೆಂಗೆ ಹಚ್ಚಿದೆ?"

ಅವನು ಕಸದ ಬುಟ್ಟಿಯಿಂದ ಬಟರ್ ಪೇಪರಿನ ಕೋನು ತೆಗೆದು ತೋರಿಸಿದ. ತೋರಿಸುತ್ತಿರುವಾಗಲೇ ಸಿಲಿಂಡರಿನ ತೂತಿನಲ್ಲಿ ತಾನೇ ಬೆರಳು ಹಾಕಿ ಒರೆಸಿದ್ದು ನೆನಪಾಯಿತು. ಕೇಕಿಗೆ ಇರುವುದು ಒಂದೇ ಅಂಚು, ಹೊರಗಿನದು. ಒತ್ತಿದರೆ ಕ್ರೀಮ್ ಹೊರಗೇ ಬರಬೇಕು. ಇದಕ್ಕೆ ಒಳಗೂ ಅಂಚಿದೆ. ಹೊರಗೆ ಎಷ್ಟು ಉಬ್ಬಿತ್ತೋ ಅಷ್ಟೇ ಒಳಗೂ ಉಬ್ಬಿರಬೇಕು. ಹೊರಗಿನದನ್ನು ಒರೆಸಿದ್ದ. ಒಳಗಿನದನ್ನು ಒರೆಸಿದವರು ಯಾರು?

"ಒಳಗೆ ಹೋಗಿದೆಯಾ?" ಅಂದ, ಸಣ್ಣ ದನಿಯಲ್ಲಿ.

"ಹೋಗದೆ ಎಲ್ಲಿಗೆ ಹೋಗುತ್ತೆ? ಅದು ಎಣ್ಣೆಯಲ್ಲಿ ನೆನೆದು ಕಿತ್ಕೊಂಡು ಬರುತ್ತೆ. ಎಣ್ಣೆ ಹೋಗೋ ದಾರಿಗೆ ಸಿಕ್ಕಿಕೊಳ್ಳುತ್ತೆ. ಎಣ್ಣೆ ಮೇಲೆ ಹತ್ತಲಿಲ್ಲ ಅಂದ್ರೆ ಇಂಜಿನ್ ಗಕ್ಕನೆ ಹಿಡ್ಕೊಂಡು ನಿಂತುಬಿಡುತ್ತೆ." ಭಾವ ಕುರ್ಚಿಗೆ ಕುಸಿದರು. "ತಪ್ಪು ನಂದೇ ಕಣಪ್ಪ. ತೆಳ್ಳಗೆ ಅಂದ್ರೆ ಬೆರಳಲ್ಲಿ ಸವರಿ ಲೋಹ ಕಾಣೋ ಹಾಗಿರಬೇಕು. ಅದನ್ನ ಹೇಳದೆ ಹೊರಟುಹೋದೆ. ಮೊದಲು ಜಾಲರಿ ಒಂದನ್ನ ಎಳೆದು ನೋಡೋಣ."

ಎಣ್ಣೆ ಸೋಸುವ ಜಾಲರಿ ಕ್ಲಚ್ಚಿನ ಕವರಿನ ಹಿಂದೆ, ಬುಡದಲ್ಲಿರುತ್ತದೆ. ಬಿಸಿ ಎಣ್ಣೆ ಬಸಿದು, ಹತ್ತು ಬೋಲ್ಟು ತೆಗೆದು, ಕವರು ಕಳಚಿ ಜಾಲರಿ ಎಳೆದ. ಬೂದುಬಣ್ಣದ, ಕಿರುಬೆರಳುದ್ದದ ಒಂದು ಎಳೆ ಅದರ ಕಣ್ಣುಗಳಿಗೆ ಅಂಟಿಕೊಂಡಿತ್ತು. ಅವನದೇ ಕೈಯ ಗೆರೆ, ಸ್ವಲ್ಪವೂ ದಪ್ಪ ಸಣ್ಣ ಇಲ್ಲದ್ದು. ಓಡಿದ್ದು ನಾಲ್ಕೇ ನಿಮಿಷ.

ಭಾವ ಜಾಲರಿಯನ್ನು ಬೆಳಕಿಗೆ ಹಿಡಿದು, ಅದು ಕೈಯಲ್ಲಿ ನಡುಗುತ್ತಿರುವಾಗಲೇ ಹೇಳಿದರು. "ಇದನ್ನ ತೊಳೆದು ಹಾಕಿ ಮುಚ್ಚಿದ್ರೆ ನಾಳೆ ಗಾಡಿ ಹೋಗುತ್ತೆ. ಮುಂದಿನ ಭಾನುವಾರ ಬಿಚ್ಚೋಣ ಅಂದ್ರೂ ಆಗುತ್ತೆ. ಎರಡು ದಿನ ಓಡಬಹುದು, ಇಪ್ಪತ್ತು ದಿನ ಓಡಬಹುದು. ನಾಳೆ ಬೆಳಿಗ್ಗೆ ಸೇತುವೆ ಮೇಲೆ ಹಿಂದಿನ ಚಕ್ರ ಹಿಡ್ಕೊಂಡು ಇಬ್ರೂ ಬೀಳಲೂಬಹುದು. ನಾನು ಇದ್ದದ್ದನ್ನ ಹೇಳಿದೆ."

"ಇವತ್ತೇ ಬಿಚ್ಚಿದ್ರೆ?"

"ಹೋಳು ಬೇರೆ ಮಾಡಿ, ಕೆರೆದು, ಮತ್ತೆ ಹಚ್ಚೋದರಲ್ಲಿ ರಾತ್ರಿ ಆಗುತ್ತೆ. ಪೇಸ್ಟು ಗಟ್ಟಿಯಾಗೋಕೆ ಒಂದು ದಿನ ಬಿಡಬೇಕು. ಆಮೇಲೆ ನೀನು ಬೇಕರಿ ಮುಗಿಸಿ ಬಂದು ಕೂತ್ರೆ… ಬುಧವಾರ."

ಬುಧವಾರ. ಅವನು ಲೆಕ್ಕ ಹಾಕಬೇಕಾಗಿರಲಿಲ್ಲ. ಸೋಮವಾರ ಅವಳು ನಡೆದು ಹೋಗಬೇಕು, ಮಂಗಳವಾರವೂ. ಈ ಮಂಡಿಯಲ್ಲಿ ಆರಕ್ಕೆ ಮುಂಚೆ ತಲುಪುವುದು ಅವಳಿಂದಾಗದು. ಗಾಡಿಯ ಸದ್ದು ಕೇಳಿದಾಗ ಅವಳು ಮಂಡಿಯ ಬಟ್ಟೆ ಬಿಚ್ಚಿದ್ದಳಲ್ಲ, ಅದನ್ನು ಈಗ ಮತ್ತೆ ಕಟ್ಟಿಕೋ ಎಂದು ಹೇಗೆ ಹೇಳುವುದು? ಭಾವನೂ ತಂಗಿಯ ಮುಖ ನೋಡದೆ ಜಾಲರಿಯನ್ನೇ ನೋಡುತ್ತಿದ್ದರು.

ಹೆಂಡತಿ ಹೊಸಿಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದು, ಗೋಡೆ ಹಿಡಿದುಕೊಂಡು ಬಂದು, ಜಾಲರಿಯ ಮೇಲಿದ್ದ ಎಳೆಯನ್ನು ಉಗುರಿನಿಂದ ಬಿಡಿಸಿ ತೆಗೆದಳು.

"ಇದು ನಿಮ್ಮದೇ" ಅಂದಳು.

"ಹೂಂ."

"ಇಂಥದ್ದು ಇನ್ನೂ ಎಷ್ಟಿದೆ ಒಳಗೆ?"

"ಸುತ್ತಲೂ ಇರಬೇಕು."

"ಹಾಗಾದ್ರೆ ಬಿಚ್ಚಿ."

"ನಾಳೆ ತಡವಾಗುತ್ತೆ ಕಣೇ. ಪಾಳಿ…"

"ಗೊತ್ತು ರೀ. ಪಾಳಿ ಬದಲಾದ್ರೆ ಚೀಟಿ ಬರೀತೀನಿ. ನೀವು ಸೇತುವೆ ಮೇಲೆ ಬಿದ್ರೆ ಯಾರಿಗೆ ಬರೀಲಿ? ಅಣ್ಣಾ, ಚಹಾ ಇಡ್ತೀನಿ, ನೀನು ಶುರು ಮಾಡಿಸು. ಇವರು ಹೀಗೇ ಕೂತಿದ್ರೆ ಇಲ್ಲೇ ನಿದ್ದೆ ಹೋಗ್ತಾರೆ."

ಅವನು ಎದ್ದ. ಎದ್ದದ್ದು ಹೇಗೆಂದು ಅವನಿಗೇ ಗೊತ್ತಾಗಲಿಲ್ಲ. ಬೆಳಗಿನಿಂದ ಹಾಕಿದ್ದನ್ನೆಲ್ಲ ಕೊನೆಯದರಿಂದ ಮೊದಲಿನದರವರೆಗೆ ಬಿಚ್ಚುತ್ತಾ ಬಂದ. ಬೋಲ್ಟುಗಳನ್ನು ಮತ್ತೆ ರಟ್ಟಿಗೆ ಚುಚ್ಚಿದ. ಹೋಳು ಬೇರೆಯಾದಾಗ ಭಾವ ಕೂಡ "ಅಬ್ಬಾ" ಅಂದರು. ಒಳಗಡೆ, ಕೂಡಿಗೆಯ ಉದ್ದಕ್ಕೂ ಬೂದುಬಣ್ಣದ ಅಂಚು ಕಟ್ಟಿತ್ತು, ಅಂಗಡಿಯ ಗಾಜಿನೊಳಗೆ ಇಡುವ ಕೇಕಿನಂತೆ. ಅಲ್ಲಲ್ಲಿ ಅರ್ಧ ಕಿತ್ತುಬಂದು ನೇತಾಡುತ್ತಿತ್ತು.

ಕೆರೆದ, ಒರೆಸಿದ, ಎಣ್ಣೆಯ ದಾರಿಗಳಿಗೆ ಪಂಪಿನಿಂದ ಗಾಳಿ ಹೊಡೆದ. ಭಾವ ಬೀದಿ ಕೊನೆಯ ಅಂಗಡಿಗೆ ಹೋಗಿ ಇನ್ನೊಂದು ಟ್ಯೂಬು ತಂದರು. ಈ ಸಲ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಇಂಜಿನ್ನಿನ ಮೇಲೆಯೇ ಬಗ್ಗಿ ಕೂತರು.

"ಬಟಾಣಿ ಕಾಳಿನಷ್ಟು ತಗೋ. ಬೆರಳಲ್ಲಿ ಸವರು. ಇನ್ನೂ ತೆಳ್ಳಗೆ. ಇನ್ನೂ."

"ಇದ್ದ ಹಾಗೇ ಕಾಣಲ್ಲ ಭಾವ."

"ಅದೇ ಬೇಕು."

ಅವನ ಕೈ ಕೇಳುತ್ತಿರಲಿಲ್ಲ. ಇಪ್ಪತ್ತಾರು ವರ್ಷ ತುಂಬಿಸಿ ಅಭ್ಯಾಸವಾದ ಕೈ, ಬರಿದಾಗಿ ಕಾಣುವ ಅಂಚನ್ನು ಕಂಡು ಮತ್ತೆ ಮತ್ತೆ ಟ್ಯೂಬಿನ ಕಡೆಗೆ ಹೋಗುತ್ತಿತ್ತು. ಭಾವ ತಮ್ಮ ನಡುಗುವ ಕೈಯಿಂದ ಅವನ ಮಣಿಕಟ್ಟು ಹಿಡಿದು ತಡೆಯುತ್ತಿದ್ದರು. ಮುಚ್ಚಿ ಬಿಗಿ ಮಾಡಿದಾಗ ಹೊರಗೆ ಕಂಡದ್ದು ಪೆನ್ಸಿಲ್ಲಿನಲ್ಲಿ ಎಳೆದಂಥ ಒಂದು ಗೀಟು. ಒರೆಸಲು ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವನೂ ಅವಳ ಜೊತೆ ನಡೆದ. ಮೊದಲ ತಿರುವಿನಲ್ಲಿ ಒಂದು ಸಲ, ಸೇತುವೆಯ ಹತ್ತಿರ ಎರಡು ಸಲ ಅವಳು ನಿಂತಳು. ತಲುಪಿದಾಗ ಆರು ಹದಿಮೂರು. ಲಾಂಡ್ರಿಯ ಮೇಡಂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ಏಕೆಂದರೆ ಅವರು ಪಾಳಿಯ ಪುಸ್ತಕ ತೆರೆದು ಒಂದು ಗೆರೆ ಹೊಡೆದು, ಬುಧವಾರದಿಂದ ಎರಡಕ್ಕೆ ಬಾ ಅಂದರಷ್ಟೇ. ಅವನು ಬೇಕರಿಗೆ ಹೋದದ್ದೂ ತಡವೇ. ಅಂದು ಬರೆದ ಕೇಕುಗಳಲ್ಲಿ ಎರಡನ್ನು ಕೆರೆದು ಮತ್ತೆ ಬರೆಯಬೇಕಾಯಿತು.

ಮಂಗಳವಾರ ರಾತ್ರಿಯ ಊಟದ ಹೊತ್ತಿಗೆ ಇಂಜಿನ್ ಮತ್ತೆ ಗಾಡಿಯ ಮೇಲಿತ್ತು. ಒಂದು ಗಂಟೆ ಓಡಿಸಿ ಜಾಲರಿ ತೆಗೆದು ನೋಡಿದರು. ಏನೂ ಇರಲಿಲ್ಲ. ಯಾರೂ ಹೊಗಳಲಿಲ್ಲ, ಅದಕ್ಕೆ ಯಾರಲ್ಲೂ ಶಕ್ತಿಯಿರಲಿಲ್ಲ. ಭಾವ ಉಂಡು, "ಬೆಣ್ಣೆ, ಇನ್ನು ಮೇಲೆ ನಿನ್ನ ಗಾಡಿಗೆ ಜ್ವರ ಬಂದ್ರೂ ನನಗೆ ಹೇಳಬೇಡ" ಅಂದು ಹೊರಟರು.

ಬುಧವಾರ ಐದಕ್ಕೆ ಬೇಕರಿ ಬಿಟ್ಟು ಮನೆಯ ಕಡೆಗೆ ಗಾಡಿ ತಿರುಗಿಸಿದವನು, ವೃತ್ತದಲ್ಲಿ ಮನಸ್ಸು ಬದಲಿಸಿ ಆಸ್ಪತ್ರೆಯ ದಾರಿ ಹಿಡಿದ. ಎರಡನೇ ಪಾಳಿಯವರಿಗೆ ಆರು ಗಂಟೆಗೆ ಹದಿನೈದು ನಿಮಿಷ ಬಿಡುವಿರುತ್ತದೆಂದು ಅವನಿಗೆ ಗೊತ್ತಿತ್ತು. ಹಿಂದೆ ಆ ಆರು ವರ್ಷ ಅವನ ಬಳಿ ಸೈಕಲ್ಲು ಕೂಡ ಇರಲಿಲ್ಲ. ಬಸ್ಸಿನಲ್ಲಿ ಬಂದರೆ ಬಿಡುವು ಮುಗಿದೇ ಹೋಗಿರುತ್ತಿತ್ತು.

ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಬಳಿ ಗಾಡಿ ನಿಲ್ಲಿಸಿದ. ಗೋಡೆಯ ಕೊಳವೆಯಿಂದ ಬಿಸಿ ಹಬೆ ಬರುತ್ತಿತ್ತು. ಆರು ಹೊಡೆದ ಮೇಲೆ ಅವಳು ಹೊರಗೆ ಬಂದಳು. ನೀರಿನಲ್ಲಿ ನೆನೆದು ಬೆರಳುಗಳು ಸುಕ್ಕಾಗಿದ್ದವು. ಅವನನ್ನು ನೋಡಿ ಬೆರಗಾಗುವಷ್ಟೂ ಚೈತನ್ಯ ಇರಲಿಲ್ಲ.

"ಇಲ್ಲಿಗ್ಯಾಕೆ ಬಂದ್ರಿ, ಮನೇಲಿ ಕಾಲು ಚಾಚೋದು ಬಿಟ್ಟು?"

"ಸುಮ್ಮನೆ. ಕೂತ್ಕೋ."

ಮೆಟ್ಟಿಲ ಮೇಲೆ ಕೂತರು. ಏನಾದರೂ ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ಬಿತ್ತು. ನಿದ್ದೆ ಹೋಗಿದ್ದಳು. ಅವನು ಅಲುಗಾಡಲಿಲ್ಲ. ಒಳಗಿನ ಗೋಡೆ ಗಡಿಯಾರ ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅದನ್ನೇ ನೋಡುತ್ತಾ, ಕಾಲು ಜೋಮು ಹಿಡಿದರೂ ಹಾಗೆಯೇ ಕೂತು, ಹದಿನಾಲ್ಕನೇ ನಿಮಿಷಕ್ಕೆ ಎಬ್ಬಿಸಿದ.

ಅವಳು ಮುಖ ಒರೆಸಿಕೊಂಡು, ಗಡಿಯಾರ ನೋಡಿ, ಅವನ ಭುಜ ಹಿಡಿದು ಎದ್ದಳು.

"ಏನೂ ಮಾತಾಡಲೇ ಇಲ್ಲವಲ್ಲ."

"ನಾಳೆ ಮಾತಾಡೋಣ."

"ನಾಳೆನೂ ಬರ್ತೀರಾ?"

"ಬರ್ತೀನಿ. ಗಾಡಿ ಇದೆಯಲ್ಲ."